ಗೌರಿಯ ಬಾಣಂತನ

ಕಾರ್ತಿಕ ಮಾಸ ಹತ್ತಿರ ಬಂತೆಂದು ಹೂಬತ್ತಿ ಮಾಡುತ್ತಾ ಕೂತಿದ್ದೆ. ಬೆರಳ ತುದಿಗೆ ಒಂದಿಷ್ಟು ಹಾಲು ಸವರಿಕೊಂಡು ಹತ್ತಿಯ ತುದಿ ಹೊಸೆಯುವುದು ನಮ್ಮಮ್ಮ ಕಲಿಸಿದ ರೀತಿ. ಹಾಗೆ ಮಾಡಿದರೆ ಬತ್ತಿ ಬಿಚ್ಚಿಕೊಳ್ಳುವುದಿಲ್ಲ. ಇಪ್ಪತ್ತೋ ಇಪ್ಪತ್ತೈದೋ ಆಗಿದ್ದವು, ಫೋನ್ ಬಂತು. ನನ್ನ ಮಗಳು ಶಾರದೆ.

"ಅಮ್ಮ, ರೂಪಂಗೆ ಹೆರಿಗೆ ಆಯ್ತು. ಹೆಣ್ಣು. ಇಬ್ರೂ ಚೆನ್ನಾಗಿದಾರೆ."

ರೂಪ ಶಾರದೆಯ ಮಗಳು, ನನ್ನ ಮೊಮ್ಮಗಳು. ಫೋನನ್ನು ಕಿವಿಗೆ ಹಿಡಿದುಕೊಂಡೇ ದೇವರ ಕಡೆ ತಿರುಗಿದೆ. ಇಂಥ ಸುದ್ದಿ ಬಂದಾಗ ನೆನೆಯಬೇಕಾದ್ದು ದೇವರನ್ನು. ನನಗೆ ನೆನಪಾದದ್ದು ಒಂದು ಬೆಕ್ಕು. ಬೆರಳಿಗೆ ಅಂಟಿದ ಹಾಲು ಹತ್ತಿಯೇ ಅದಕ್ಕೆ ಕಾರಣ. ಒಳ್ಳೆಯ ಸುದ್ದಿಯ ಹೊತ್ತಿನಲ್ಲಿ ಸತ್ತ ಬೆಕ್ಕಿನ ಮಾತೇಕೆ ಎಂದು ನೀವು ಕೇಳಬಹುದು. ಆ ಬೆಕ್ಕು ಸತ್ತ ಕಾಲಕ್ಕೆ ಈ ರೂಪ ಒಂದು ತಿಂಗಳೂ ತುಂಬದ ಕೂಸು.

ಎಂಬತ್ತನಾಲ್ಕೋ ಎಂಬತ್ತೈದೋ ಇರಬೇಕು. ಆಗಲೂ ಇದೇ ರಾಜಾಜಿನಗರದ ಮನೆ. ಹಿತ್ತಲಲ್ಲಿ ಬಚ್ಚಲುಮನೆ, ಅದರಲ್ಲಿ ತಾಮ್ರದ ಹಂಡೆ, ಹಂಡೆಯ ಕೆಳಗೆ ಮರದ ಹೊಟ್ಟು ತುಂಬುವ ಒಲೆ. ಗೌರಿ ಹಬ್ಬದ ದಿನ ಎಲ್ಲಿಂದಲೋ ಬಂದ ಬೂದು ಬಣ್ಣದ ಬೆಕ್ಕು ಕರೆದವರ ಹಾಗೆ ಪೂಜೆಯ ಮುಂದೆ ಬಂದು ಕೂತಿತ್ತು. "ನಿನ್ನ ಸ್ನೇಹಿತೆ ಕುಂಕುಮಕ್ಕೆ ಬಂದಿದಾಳೆ ನೋಡು, ಬಾಗಿನ ಕೊಟ್ಟು ಕಳಿಸು" ಎಂದು ನಮ್ಮತ್ತೆ ನಕ್ಕರು. ಬಾಗಿನ ಕೊಡಲಿಲ್ಲ, ಕಳಿಸಲೂ ಇಲ್ಲ. ಅಂದಿನಿಂದ ಅದರ ಹೆಸರು ಗೌರಿ.

ಅದಾಗಿ ಮೂರು ತಿಂಗಳಿಗೆ ಶಾರದೆ ಹೆರಿಗೆಗೆ ಬಂದಳು. ಮಾರ್ಗಶಿರದ ಚಳಿ. ಬಾಣಂತನ ಎಂದರೆ ನನಗೆ ವ್ರತವಿದ್ದ ಹಾಗೆ, ಒಂದು ನೇಮವೂ ತಪ್ಪಬಾರದು. ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಮೆಣಸಿನ ಸಾರು, ಸಬ್ಬಸಿಗೆ ಪಲ್ಯ, ದಿನಕ್ಕೆ ಎರಡು ಸಲ ಸಾಂಬ್ರಾಣಿ ಹೊಗೆ. ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ಬಾಣಂತಿ ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಹಾಲು ತೆಳ್ಳಗಾಗುತ್ತದೆ, ಕೂಸಿಗೆ ಶೀತವಾಗುತ್ತದೆ. ಊಟವಾದ ಮೇಲೆ ಅರ್ಧ ಲೋಟ ಓಮದ ನೀರು, ಅಷ್ಟೇ. ನಮ್ಮಮ್ಮ ನನಗೆ ಹಾಗೇ ಮಾಡಿದ್ದಳು, ನಾನು ಬದುಕಿದ್ದೆ. ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿರಲಿಲ್ಲ.

"ಅಮ್ಮ, ನಾಲಿಗೆ ಅಂಟ್ಕೊಳ್ತಿದೆ. ಒಂದ್ ಗುಟುಕು ಕೊಡೇ" ಎಂದು ಶಾರದೆ ಕೇಳುತ್ತಿದ್ದಳು.

"ನಲವತ್ತು ದಿನ ತಡ್ಕೋ ಪುಟ್ಟಿ. ಆಮೇಲೆ ಬಾವಿನೇ ಕುಡಿ, ಯಾರು ಬೇಡ ಅಂತಾರೆ" ಎನ್ನುತ್ತಿದ್ದೆ. ಹಾಗೆ ಹೇಳಿ ನಾನೇ ನಗುತ್ತಿದ್ದೆ. ಅವಳು ನಗುತ್ತಿದ್ದಳೇ ಎಂದು ನೋಡಿದ ನೆನಪಿಲ್ಲ.

ಕೂಸಿಗೆ ಇಪ್ಪತ್ತು ದಿನವಾಗಿದ್ದಾಗ ಗೌರಿ ಬಚ್ಚಲುಮನೆಯ ಮೂಲೆಯಲ್ಲಿ, ಹೊಟ್ಟಿನ ಮೂಟೆಯ ಹಿಂದೆ, ನಾಲ್ಕು ಮರಿ ಹಾಕಿತು. ನನಗೋ ಸಂಭ್ರಮ. ಒಂದೇ ಸೂರಿನ ಕೆಳಗೆ ಎರಡು ಬಾಣಂತನ! ಹಳೆಯ ಸೀರೆ ಮಡಿಸಿ ಹಾಸಿದೆ. ತುಪ್ಪ ಹಾಕಿ ಮೆಣಸಿನ ಅನ್ನ ಕಲಸಿ ಇಟ್ಟೆ. ಸಾಂಬ್ರಾಣಿಯ ಕೆಂಡವನ್ನು ಕೂಸಿನ ತೊಟ್ಟಿಲ ಹತ್ತಿರದಿಂದ ನೇರವಾಗಿ ಅಲ್ಲಿಗೆ ಒಯ್ದೆ.

"ಬೆಕ್ಕಿಗೂ ಕಿವಿಗೆ ಬಟ್ಟೆ ಕಟ್ತೀಯೇನೇ?" ಎಂದರು ನಮ್ಮತ್ತೆ.

"ಕಟ್ಟಿಸ್ಕೊಂಡ್ರೆ ಕಟ್ತೀನಿ ಅತ್ತೆ."

ನಿಜ ಹೇಳುತ್ತೇನೆ, ಒಂದು ಸಲ ಕಟ್ಟಲು ನೋಡಿದೆ. ಕೈ ಪರಚಿಸಿಕೊಂಡು ಬಿಟ್ಟೆ. ಆದರೆ ನೀರಿನ ನೇಮವನ್ನು ಮಾತ್ರ ಬಿಡಲಿಲ್ಲ. ಹಿತ್ತಲ ಬಾಗಿಲಲ್ಲಿ ಅದಕ್ಕೆಂದೇ ಇಡುತ್ತಿದ್ದ ಮಣ್ಣಿನ ಬಟ್ಟಲನ್ನು ಕವುಚಿ ಹಾಕಿದೆ. ಹೊರಗೆ ಹೋಗದಂತೆ ಬಚ್ಚಲ ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದೆ. ಎಲ್ಲವೂ ಅದರ ಒಳ್ಳೆಯದಕ್ಕೇ.

ಎರಡನೆಯ ದಿನ ಬೆಳಿಗ್ಗೆ ನೋಡಿದರೆ ಬಚ್ಚಲ ನೆಲ ಒದ್ದೆ. ಗೌರಿ ಮರಿಗಳನ್ನು ಬಿಟ್ಟು ಬಂದು ಆ ಒದ್ದೆಯನ್ನು ನೆಕ್ಕುತ್ತಿತ್ತು. ಕಳ್ಳಿ, ಬಕೆಟ್ಟಿಗೆ ಬಾಯಿ ಹಾಕುತ್ತಿದ್ದಾಳೆ ಎಂದುಕೊಂಡೆ. ಅಂದಿನಿಂದ ಸ್ನಾನ ಮುಗಿದೊಡನೆ ಬಕೆಟ್ ಬರಿದು ಮಾಡಿ, ಹಂಡೆಯ ಮೇಲೆ ಮುಚ್ಚಳವಿಟ್ಟು, ಮುಚ್ಚಳದ ಮೇಲೆ ರುಬ್ಬುಗುಂಡು ಹೇರಿ, ನೆಲವನ್ನು ಒಣಬಟ್ಟೆಯಿಂದ ಒರೆಸತೊಡಗಿದೆ. ಎಷ್ಟು ಶ್ರದ್ಧೆಯಿಂದ ಒರೆಸಿದೆ ಎಂದರೆ ಇವತ್ತಿಗೂ ನನ್ನ ಮೊಣಕಾಲಿಗೆ ಆ ನೆಲ ನೆನಪಿದೆ.

ನಾಲ್ಕನೆಯ ದಿನ ಗೌರಿ ಅನ್ನ ಮುಟ್ಟಲಿಲ್ಲ. ಐದನೆಯ ದಿನ ಬಾಗಿಲು ತೆರೆದಾಗ ಕೆಟ್ಟ ವಾಸನೆ. ಅದರ ಬಾಲದ ಕೆಳಗೆ ಕಂದು ಬಣ್ಣದ ಕೀವು. ಮೈ ಕೆಂಡದ ಹಾಗಿತ್ತು. ಮರಿಗಳು ಒಣ ಮೊಲೆಗಳನ್ನು ಜಗ್ಗಿ ಜಗ್ಗಿ ಕಿರುಚುತ್ತಿದ್ದವು. ಅದು ನನ್ನನ್ನು ನೋಡಿತು, ಆದರೆ ತಲೆ ಎತ್ತಲಿಲ್ಲ.

ನಮ್ಮ ಮನೆಯವರು ಕಾರ್ಖಾನೆಗೆ ಹೋಗಿದ್ದರು. ಶಾರದೆಯನ್ನೂ ಕೂಸನ್ನೂ ಅತ್ತೆಗೆ ಒಪ್ಪಿಸಿ, ತರಕಾರಿ ಬುಟ್ಟಿಯಲ್ಲಿ ಗೌರಿಯನ್ನು ಮಲಗಿಸಿ, ಟವಲು ಹೊದಿಸಿಕೊಂಡು ದನದ ಆಸ್ಪತ್ರೆಗೆ ನಡೆದೆ. ದಾರಿಯುದ್ದಕ್ಕೂ ರಾಯರ ಹೆಸರು ಹೇಳಿಕೊಂಡೆ. ಡಾಕ್ಟರು ವಯಸ್ಸಾದವರು, ಬೆಳಗಿನಿಂದ ಎಮ್ಮೆಗಳನ್ನು ನೋಡಿ ದಣಿದಿದ್ದರು. ಹೊಟ್ಟೆ ಮುಟ್ಟಿ ನೋಡಿದರು. ಕತ್ತಿನ ಹತ್ತಿರ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಎತ್ತಿದ ಚರ್ಮ ಎತ್ತಿದ ಹಾಗೇ ನಿಂತಿತು.

"ನೀರು ಕುಡೀತಿದ್ಯಾ ಇದು?"

"ಇಲ್ಲ ಸಾರ್."

"ಕುಡೀತಿಲ್ವೋ, ಕೊಟ್ಟಿಲ್ವೋ?"

"ಬಾಣಂತಿ ಅಲ್ವಾ ಸಾರ್, ಅದಕ್ಕೆ…" ಎಂದೆ. ಅವರು ಗಹಗಹಿಸಿ ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ನಗಲಿಲ್ಲ.

"ಮರಿ ಹಾಕಿದ್ಮೇಲೆ ಬೀಳ್ಬೇಕಾದ ಮಾಸು ಒಳಗೇ ಉಳ್ಕೊಂಡು ಕೊಳೆತಿರೋ ಹಾಗಿದೆ ತಾಯಿ, ನಂಜು ಏರಿದೆ. ಅದು ನಿಮ್ಮ ತಪ್ಪಲ್ಲ. ಆದ್ರೆ ಜ್ವರದಲ್ಲಿ ಬೇಯ್ತಿರೋ ಜೀವ, ನಾಲ್ಕು ಮರಿಗೆ ಹಾಲು ಬೇರೆ ಕೊಡ್ಬೇಕು. ನೀರೇ ಇಲ್ದಿದ್ರೆ ಅದು ಯಾವ ಬಲದ ಮೇಲೆ ತಡ್ಕೊಳ್ಳುತ್ತೆ? ವಾಸನೆ ಶುರುವಾಗೋಕ್ ಮುಂಚೆ, ಊಟ ಬಿಟ್ಟ ದಿನಾನೇ ತಂದಿದ್ರೆ…" ಎನ್ನುತ್ತಾ ಔಷಧಿಯ ಪೆಟ್ಟಿಗೆ ತೆರೆದರು. ಇಂಜೆಕ್ಷನ್ ಕೊಟ್ಟರು. ಚರ್ಮದ ಕೆಳಗೆ ಸಲೈನ್ ಬಿಟ್ಟರು. "ತೊಟ್ಟು ತೊಟ್ಟಾಗಿ ನೀರು ಹಾಕ್ತಾ ಇರಿ" ಎಂದು ಕಳಿಸಿದರು.

ಬಚ್ಚಲಲ್ಲಿ ಕೂತು, ಕೂಸಿಗೆ ಹಾಲು ಕುಡಿಸುವ ಒಳಲೆಯಿಂದಲೇ ಗೌರಿಯ ಬಾಯಿಯ ಪಕ್ಕಕ್ಕೆ ನೀರು ಬಿಡುತ್ತಿದ್ದೆ. ಅರ್ಧ ಒಳಗೆ ಹೋಗುತ್ತಿತ್ತು, ಅರ್ಧ ಟವಲಿಗೆ. ಬಾಗಿಲಲ್ಲಿ ಶಾರದೆ ಬಂದು ನಿಂತಳು. ತಲೆಗೆ ಬಟ್ಟೆ, ಒಡೆದ ತುಟಿ. ಡಾಕ್ಟರು ಅಂದದ್ದನ್ನು ಹೇಳಿದೆ. ಅವಳು ಮೂಲೆಯಲ್ಲಿದ್ದ ಬರಿ ಬಕೆಟ್ಟಿನ ಕಡೆ ನೋಡಿದಳು.

"ಬಕೆಟ್ ಖಾಲಿ ಮಾಡ್ತಿದ್ದಿದ್ದು ಇದಕ್ಕೇನಾ ಅಮ್ಮ?"

"ನೆಲ ಒದ್ದೆ ಇತ್ತಲ್ಲೇ. ಇದೇ ಬಾಯಿ ಹಾಕ್ತಿದೆ ಅನ್ಕೊಂಡೆ."

"ಅದಲ್ಲಮ್ಮ, ನಾನು. ಮುಖ ತೊಳೀತೀನಿ ಅಂತ ಬಂದು ಚೊಂಬಲ್ಲಿ ಕುಡೀತಿದ್ದೆ. ಅವಸರಕ್ಕೆ ಚೆಲ್ತಿತ್ತು. ಚೆಲ್ಲಿದ್ದನ್ನ ಅದು ನೆಕ್ತಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆಮೇಲೆ ನಮ್ಮಿಬ್ರಿಗೂ ಸಿಗ್ಲಿಲ್ಲ."

ಒಳಲೆ ನನ್ನ ಕೈಯಲ್ಲೇ ಇತ್ತು. ಎದ್ದು ಅಡುಗೆಮನೆಗೆ ಹೋದೆ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಆರಿಸಿ ಶಾರದೆಗೆ ಕೊಟ್ಟೆ. ಅವಳು ಮೂರು ಲೋಟ ಒಂದೇ ಉಸಿರಿಗೆ ಕುಡಿದಳು. ನಮ್ಮತ್ತೆ ಗದರುತ್ತಾರೆಂದು ಅವರ ಮುಖ ನೋಡಿದೆ. ಅವರು ಜಪಮಣಿ ಕೆಳಗಿಟ್ಟು, "ನಿನ್ನ ಗಂಡ ಹುಟ್ಟಿದಾಗ ನಾನು ಸೂರಿಂದ ಇಳಿಯೋ ಮಳೆನೀರು ಕುಡಿದಿದ್ದೆ ಕಣೇ, ಕೈ ಚಾಚಿ. ಯಾರಿಗೂ ಹೇಳಿರ್ಲಿಲ್ಲ" ಎಂದರು.

ಆಗ ನನಗೂ ನೆನಪಾಯಿತು. ಶಾರದೆ ಹುಟ್ಟಿದಾಗ, ಅವಳ ಮೈ ಒರೆಸಿದ ಒದ್ದೆ ಬಟ್ಟೆಯ ಅಂಚನ್ನು ನಾನು ಬಾಯಲ್ಲಿಟ್ಟು ಚೀಪಿದ್ದೆ. ಅದನ್ನು ಹೇಗೆ ಮರೆತಿದ್ದೆನೋ ನನಗೆ ಇವತ್ತಿಗೂ ತಿಳಿದಿಲ್ಲ.

ಮರುದಿನ ಮಧ್ಯಾಹ್ನ, ದೇವರಿಗೆ ನೈವೇದ್ಯ ತೋರಿಸಿ ಬರುವಷ್ಟರಲ್ಲಿ ಗೌರಿ ಹೋಗಿಬಿಟ್ಟಿತ್ತು. ಮರಿಗಳು ಆ ತಣ್ಣಗಿನ ಹೊಟ್ಟೆಯನ್ನೇ ಹುಡುಕುತ್ತಿದ್ದವು. ಹಿತ್ತಲ ನುಗ್ಗೆ ಮರದ ಕೆಳಗೆ ನಾನೇ ಗುಂಡಿ ತೆಗೆದೆ. ಹಾಸಿದ್ದ ಸೀರೆಯಲ್ಲೇ ಸುತ್ತಿ, ಹಣೆಗೆ ಕುಂಕುಮವಿಟ್ಟು ಮಣ್ಣು ಮಾಡಿದೆ. ಬೆಕ್ಕಿಗೆ ಕುಂಕುಮವೇ ಎಂದು ನಗಬೇಡಿ. ಹಬ್ಬದ ದಿನ ಬಂದವಳಿಗೆ ಕೊಡಬೇಕಾದ ಕುಂಕುಮವನ್ನು ಅವತ್ತು ಕೊಟ್ಟಿರಲಿಲ್ಲ.

ಮರಿಗಳಿಗೆ ದೇವರ ಬತ್ತಿಯನ್ನೇ ಹಾಲಲ್ಲಿ ಅದ್ದಿ ಚೀಪಿಸಿದೆ. ವಾರದಲ್ಲಿ ಮೂರು ಹೋದವು. ಒಂದು ಉಳಿಯಿತು. ಅದೊಂದು ದಯೆ. ಬಕೆಟ್ಟಿನ ಹಸಿನೀರು ಕುಡಿದೂ ಶಾರದೆಗೆ ಏನೂ ಆಗಲಿಲ್ಲ, ಅದು ಇನ್ನೊಂದು. ಡಾಕ್ಟರು ನಗಲಿಲ್ಲವೆಂಬುದನ್ನೂ ಈಗ ದಯೆಗಳ ಲೆಕ್ಕಕ್ಕೇ ಸೇರಿಸಿಕೊಂಡಿದ್ದೇನೆ. ನಕ್ಕಿದ್ದರೆ ನಾನೂ ನಕ್ಕು, ಅದೊಂದು ತಮಾಷೆ ಎಂದು ಮನೆಗೆ ಬಂದುಬಿಡುತ್ತಿದ್ದೆ. ಆದರೂ ಇವೆಲ್ಲವನ್ನೂ ಒಂದು ಕಡೆ ಕೂಡಿಟ್ಟರೂ ಚಿಲಕ ಹಾಕಿದ ಆ ಬಾಗಿಲಿಗೆ ಸಮವಾಗುವುದಿಲ್ಲ.

"ಅಮ್ಮ, ಲೈನಲ್ಲಿದೀಯಾ?" ಎಂದಳು ಶಾರದೆ. "ನಾಡಿದ್ದು ಡಿಸ್ಚಾರ್ಜ್. ನಿನ್ನ ಮನೆಗೇ ಕರ್ಕೊಂಡು ಬರ್ತೀನಿ, ನನ್ನೊಬ್ಬಳ ಕೈಲಿ ಆಗಲ್ಲ."

"ಬಾ. ರೂಪಂಗೆ ಕುಡಿಯೋಕೆ ನೀರು ಕೊಟ್ಯಾ?"

ಅತ್ತ ಆಸ್ಪತ್ರೆಯ ಯಾವುದೋ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಡಾಕ್ಟ್ರು ಸರಿ ಅಂದ ತಕ್ಷಣ ಮೊದ್ಲು ಅದನ್ನೇ ಕೊಟ್ಟೆ ಅಮ್ಮ."

ಫೋನಿಟ್ಟೆ. ಹತ್ತಿ ಹಾಗೇ ತಟ್ಟೆಯಲ್ಲಿತ್ತು, ಕಾರ್ತಿಕಕ್ಕೆ ಇನ್ನೂ ನಾಲ್ಕು ದಿನವಿತ್ತು. ಅಂದು ಶಾರದೆಗೆ ನೀರು ಕಾಯಿಸಿದ್ದ ದೊಡ್ಡ ಪಾತ್ರೆಯನ್ನು ಅಟ್ಟದ ಮೇಲಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಲು ಕೂತೆ.