ಕ್ಲಚ್ಚಿನ ಕೆಳಗಿನ ಸ್ವಿಚ್

ಇಬ್ರಾಹಿಂಪುರದ ಭಾಗಪ್ಪ ಹಳೆಯ ಟ್ರ್ಯಾಕ್ಟರುಗಳ ಸ್ಟಾರ್ಟರ್ ರಿಪೇರಿ ಮಾಡುವವನು. ಬಾಯಿ ಖಾರ, ಕೈ ಚೊಕ್ಕ. ದ್ರಾಕ್ಷಿ ತೋಟದ ಸಾಲಿನಲ್ಲಿ ಓಡುವ, ಮಾಡಿದ ಕಂಪನಿಯೇ ಮರೆತುಬಿಟ್ಟ ಸಣ್ಣ ಟ್ರ್ಯಾಕ್ಟರುಗಳು ಅವನ ಅಂಗಡಿ ಮುಂದೆ ಬಂದು ನಿಲ್ಲುತ್ತವೆ. "ಕ್ಲಚ್ಚಿನ ಸ್ವಿಚ್ ತಗದ ಬಿಡ್ರಿ, ಕೆಳಗ ನಿಂತ ಚಾವಿ ತಿರುವತೀನಿ" ಎಂದು ಯಾರಾದರೂ ಕೇಳಿದರೆ ಬೈದು ಅಟ್ಟುತ್ತಿದ್ದ. ಕ್ಲಚ್ ಒತ್ತದೆ ಚಾಲೂ ಆಗಬಾರದೆಂದೇ ಆ ಸ್ವಿಚ್ ಇರುವುದು. ಅದಿಲ್ಲದಿದ್ದರೆ, ಗೇರಿನಲ್ಲಿರುವ ಗಾಡಿ ಚಾವಿ ತಿರುವಿದ ಕೂಡಲೇ ಮುಂದೆ ನುಗ್ಗುತ್ತದೆ.

ಮಗಳು ಆಮ್ರಪಾಲಿಗೆ ಮಾತ್ರ ಅವನಿಗೆ ಇಲ್ಲ ಎನ್ನಲಾಗಲಿಲ್ಲ. ಸಾರವಾಡದ ಅಜಿತನನ್ನು ಮದುವೆಯಾದ ಮೇಲೆ, ತೋಟಕ್ಕೆ ಔಷಧ ಹೊಡೆಯುವ ಟ್ರ್ಯಾಕ್ಟರನ್ನು ಅವಳೇ ಓಡಿಸುತ್ತಿದ್ದಳು. "ಯಪ್ಪಾ, ಕ್ಲಚ್ ಭಾಳ ಬಿರಸ ಐತಿ. ಪೂರಾ ಒತ್ತದ ಚಾಲೂನ ಆಗಂಗಿಲ್ಲ, ಕಾಲು ನೋಯಾಕತ್ತಾವ" ಎಂದಳು. ಭಾಗಪ್ಪ ಸ್ವಿಚ್ಚನ್ನು ಬಿಟ್ಟು ವೈರನ್ನು ನೇರ ಜೋಡಿಸಿಕೊಟ್ಟ.

ಹೋದ ಅಕ್ಟೋಬರಿನ ಒಂದು ಬೆಳಿಗ್ಗೆ ಆಮ್ರಪಾಲಿ ಹಿಂದಿನ ದೊಡ್ಡ ಗಾಲಿಯ ಮುಂದೆ ನೆಲದ ಮೇಲೆ ನಿಂತೇ ಚಾವಿ ತಿರುವಿದಳು. ಗಾಡಿ ಗೇರಿನಲ್ಲಿತ್ತು. ಗಾಲಿ ಅವಳ ಮೇಲೆ ಹಾಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಗೇರ್ ನೋಡದೆ ಚಾಲೂ ಮಾಡಿದಳಂತೆ ಎಂದು ಊರಿನವರು ಸತ್ತವಳ ಮೇಲೇ ತಪ್ಪು ಹಾಕಿದರು. ಮಗಳ ಮಣ್ಣಿಗೆ ಹೋಗಿಬಂದ ಭಾಗಪ್ಪನ ಬೈಗುಳವೂ ನಿಂತಿತು. ವೈರಿನ ಮಾತನ್ನು ಹೆಂಡತಿ ಸೋನಾಬಾಯಿಗೂ ಹೇಳಲಿಲ್ಲ.

ಚಳಿಗಾಲದಲ್ಲಿ ಅಜಿತ ಅದೇ ಟ್ರ್ಯಾಕ್ಟರನ್ನು ಎಳೆಸಿಕೊಂಡು ಬಂದ. ಸ್ಟಾರ್ಟರ್ ಸುಟ್ಟಿತ್ತು, ಅದನ್ನು ಬಲ್ಲವರು ಬೇರೆ ಯಾರೂ ಇರಲಿಲ್ಲ. ಭಾಗಪ್ಪನಿಗೆ ಅದನ್ನು ಮುಟ್ಟಲು ಕೈ ಬರಲಿಲ್ಲ. ಹೇಳದಿದ್ದರೆ ಮಗಳ ಮೇಲಿನ ಅಪವಾದ ಹಾಗೇ ಉಳಿಯುತ್ತದೆ. ಹೇಳಿದರೆ ಅಳಿಯ ಮತ್ತೆ ಮುಖ ನೋಡಲಾರ.

"ಅಳಿಯಾರ, ಈ ವೈರ್ ಹಚ್ಚಿದಾಂವ ನಾನ" ಎಂದ ಕೊನೆಗೆ.

"ಗೊತ್ತೈತ್ರಿ ಮಾವಾ. 'ನಮ್ಮಪ್ಪ ನನ್ನ ಕಾಲಿನ ಸಲುವಾಗಿ ಮಾಡಿಕೊಟ್ಟಾನ' ಅಂತ ಆಕಿನ ಮನ್ಯಾಗ ಎಲ್ಲಾರಿಗೂ ತೋರಿಸಿದ್ಲು." ಅಜಿತ ನೆಲ ನೋಡುತ್ತ ಹೇಳಿದ: "ಬ್ರೇಕ್ ಹಿಡಿಯೂದಿಲ್ಲಂತ ಹಿಂದಿನ ಸಂಜಿ ಗೇರಿಗೆ ಹಾಕಿ ನಿಲ್ಲಿಸಿದಾಂವ ನಾ. ಆಕಿಗೆ ಹೇಳಿರಲಿಲ್ಲರಿ."

ಇಬ್ಬರೂ ಅತ್ತರು. ಬೈಯುವ ಬಾಯಿ ಇಬ್ಬರಿಗೂ ಉಳಿದಿರಲಿಲ್ಲ.

ಸಂಜೆಯೊಳಗೆ ಭಾಗಪ್ಪ ಸ್ಟಾರ್ಟರ್ ಸರಿ ಮಾಡಿದ, ವೈರ್ ಕತ್ತರಿಸಿ ಸ್ವಿಚ್ಚನ್ನು ಮತ್ತೆ ಕೂಡಿಸಿದ. ಕ್ಲಚ್ ಒತ್ತಿದಾಗ ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು. ಅದನ್ನು ಬಂದ್ ಮಾಡಿ, ಗೇರಿಗೆ ಹಾಕಿ, ಕೆಳಗಿಳಿದು, ಮಗಳು ನಿಂತಂತೆಯೇ ಗಾಲಿಯ ಮುಂದೆ ನಿಂತು ಚಾವಿ ತಿರುವಿದ. ಟ್ರ್ಯಾಕ್ಟರು ಮಿಸುಕಲಿಲ್ಲ. ಮತ್ತೆ ತಿರುವಿದ. ಅಜಿತ ಬಂದು ಕೈ ಹಿಡಿಯುವವರೆಗೂ ತಿರುವುತ್ತಲೇ ಇದ್ದ.