ಒಂದು ಚಮಚ ಶೇಂಗಾ ಪುಡಿ

ನಮ್ಮ ಅತ್ತೆ ಜಗಳೂರು ಕಡೆಯವರು. ಶೇಂಗಾ ಇಲ್ಲದ ಅಡುಗೆ ಅವರಿಗೆ ಅಡುಗೆಯೇ ಅಲ್ಲ. ಮದುವೆಯಾಗಿ ಹೊನ್ನಾಳಿಗೆ ಬಂದ ನಾನೂ ಅವರ ಕೈಯ ಶೇಂಗಾ ಹೋಳಿಗೆ, ಚಟ್ನಿಪುಡಿ ತಿಂದುಕೊಂಡೇ ಇದ್ದೆ. ಒಂದು ಬೇಸಿಗೆಯಲ್ಲಿ ಹೊಟ್ಟೆಯ ಸೋಂಕು ತಗುಲಿ ವಾರಗಟ್ಟಲೆ ಮಲಗಿದೆ. ಎದ್ದ ಮೇಲೆ ಶೇಂಗಾ ತಿಂದಾಗಲೆಲ್ಲ ತುಟಿ ಊದುತ್ತಿತ್ತು, ಮೈಮೇಲೆ ದದ್ದು ಏಳುತ್ತಿತ್ತು. ಶೇಂಗಾ ಬಿಟ್ಟೆ.

ಅತ್ತೆ ನಂಬಲಿಲ್ಲ. "ಇಷ್ಟು ವರ್ಷ ತಿಂದಾಕಿಗೆ ಈಗ ಹೆಂಗೆ ಆಗಿಬರಲ್ಲ? ಬಿಟ್ಟಷ್ಟೂ ಮೈ ಸೂಕ್ಷ್ಮ ಆಗ್ತೈತೆ," ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಬದನೆಕಾಯಿ ಪಲ್ಯ, ರೊಟ್ಟಿ ಉಂಡು ಚನ್ನಗಿರಿಯ ತವರಿಗೆ ಬಸ್ಸು ಹತ್ತಿದೆ. ಊರು ದಾಟುವಷ್ಟರಲ್ಲಿ ಅಂಗೈ ತುರಿಸತೊಡಗಿತು. ಗಂಟಲು ಬಿಗಿಯಿತು. ಸುತ್ತ ಜನ ಒತ್ತಿಕೊಂಡು ನಿಂತಿದ್ದರು. ಕೂಗಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಪಕ್ಕದ ಹೆಂಗಸಿನ ಸೆರಗು ಜಗ್ಗಿದೆ. ಆಕೆ ನನ್ನ ಮುಖ ನೋಡಿ, "ನಿಲ್ಲಿಸ್ರೀ, ಇವರಿಗೆ ಉಸಿರು ಸಿಗ್ತಿಲ್ಲ," ಎಂದಳು. ಬಸ್ಸು ತಿರುಗಿ ಆಸ್ಪತ್ರೆಗೇ ಹೋಯಿತು. ತೊಡೆಗೆ ಚುಚ್ಚಿದ ಔಷಧಿಯಿಂದ ಬದುಕಿದೆ.

ಸಂಜೆ ಅತ್ತೆ ನನ್ನ ಹಾಸಿಗೆಯ ಪಕ್ಕ ನಿಂತು ಡಾಕ್ಟರಮ್ಮನಿಗೆ ತಾವೇ ಹೇಳಿದರು: "ಪಲ್ಯಕ್ಕೆ ನಾನೇ ಒಂದು ಚಮಚ ಶೇಂಗಾ ಪುಡಿ ಹಾಕಿದ್ದೆ ರೀ. ರೂಢಿ ಆಗ್ಲಿ ಅಂತ."

ಡಾಕ್ಟರಮ್ಮ ಗದರಲಿಲ್ಲ. "ಕರುಳಿನ ಒಳಪದರದಾಗೆ ಜೀವಕೋಶಗಳು ಒತ್ತಾಗಿ ಕೂತಿರ್ತಾವೆ. ಸೋಂಕಿನಿಂದ ಆ ಬಿಗಿ ಸಡಿಲಾದ್ರೆ, ಪೂರ್ತಿ ಅರಗದ ಶೇಂಗಾ ಪ್ರೋಟೀನು ಒಳಗೆ ನುಸುಳ್ತೈತೆ. ಮೈ ಕಾಯೋ ಕೋಶಗಳು ಅದನ್ನ ವೈರಿ ಅಂತ ಗುರುತಿಟ್ಕೊಂಡು ಬಿಡಬಹುದು. ಆಮೇಲೆ ಚೂರು ಬಂದ್ರೂ ತಮ್ಮಲ್ಲಿರೋ ರಾಸಾಯನಿಕ ಎಲ್ಲ ಒಮ್ಮೆಲೇ ಸುರೀತಾವೆ. ಅದಕ್ಕೇ ಈ ಊತ, ಉಸಿರುಗಟ್ಟೋದು. ಇವರಿಗೆ ಹಿಂಗೇ ಶುರುವಾಯ್ತು ಅಂತ ಖಚಿತ ಹೇಳಾಕೆ ಆಗಲ್ಲ. ಆದ್ರೆ ಮನೇಲಿ ರೂಢಿ ಮಾಡಿಸಾಕೆ ಹೋಗ್ಬ್ಯಾಡ್ರಿ."

"ಆ ಕೋಶಗಳು ಮುಂದೆ ಮರೆಯಲ್ವಾ?" ಅತ್ತೆ ಕೇಳಿದರು.

"ದೊಡ್ಡವರಲ್ಲಿ ಮರೆಯೋದು ಕಡಿಮೆ."

ಅಂದಿನಿಂದ ಮನೆಯೊಳಗೆ ಶೇಂಗಾ ಬಂದಿಲ್ಲ. ಅಡುಗೆ ಎಣ್ಣೆ ಬದಲಾಯಿತು, ಮಿಕ್ಸಿಗೆ ಹೊಸ ಜಾರು ಬಂತು. ನಾನು ಉಣ್ಣುವಾಗ ಅತ್ತೆ ಎದುರಿಗೆ ಕುಳಿತು ನನ್ನ ತುಟಿಯನ್ನೇ ನೋಡುತ್ತಾರೆ. ನೆರೆಮನೆಯಲ್ಲಿ ಚಹಾ ಕುಡಿಯಲೂ ಬಿಡರು.

ಮೊನ್ನೆ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಒಬ್ಬಳೇ ಹೋಗುತ್ತೇನೆ ಎಂದೆ. ಅತ್ತೆ ಆಗಲೇ ಚಪ್ಪಲಿ ಮೆಟ್ಟಿದ್ದರು. "ಅಲ್ಲಿ ನಿಂಗೆ ಉಸಿರು ನಿಂತ್ರೆ ನೋಡೋರು ಯಾರು?" ಎಂದರು. ನಾನು ಮೊಸರನ್ನದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ.

ಪಂಕ್ತಿಯಲ್ಲಿ ಎಲ್ಲರೂ ನಗುತ್ತ ಉಣ್ಣುವಾಗ ನಾವಿಬ್ಬರೂ ಒಳಕೋಣೆಯಲ್ಲಿ ಮೊಸರನ್ನದ ಡಬ್ಬಿ ಬಿಚ್ಚಿದೆವು. ಹೊರಗೆ ಹೋಗಿ ಉಣ್ಣಿರಿ ಎಂದರೆ ಅತ್ತೆ ಕೇಳಲಿಲ್ಲ. ಅವರ ಮೇಲೆ ರೇಗಬೇಕೆನಿಸಿತು. ರೇಗಲಾಗಲಿಲ್ಲ. ತುತ್ತು ನುಂಗುತ್ತ, ನನ್ನ ತುಟಿ ಅವರಿಗೆ ಕಾಣದಂತೆ ಗೋಡೆಯ ಕಡೆ ತಿರುಗಿ ಕುಳಿತೆ.