ನೋಡೋಣ ತಡಿ

ವಾಗೆನಿಂಗನ್ ಎಂಬ ಡಚ್ ಊರಿನ ನಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಮೈಸೂರಿನವನೊಬ್ಬ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಚೆಂಡನ್ನು ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವುದು ಅವನ ಕೆಲಸ. ಕ್ಯಾಂಟೀನಿನಲ್ಲಿ ಸೂಪೋ ಬ್ರೆಡ್ಡೋ ಎಂದು ಕೇಳಿದರೂ ಗಡ್ಡ ಕೆರೆದುಕೊಂಡು "ನೋಡೋಣ ತಡಿ" ಎನ್ನುವ ಆಸಾಮಿ. ಮೈದಾನದಲ್ಲಿ ಅವನು ನೋಡಿ ಮುಗಿಸುವಷ್ಟರಲ್ಲಿ ಎದುರಾಳಿಗಳು ಅವನನ್ನು ಕೆಡವಿರುತ್ತಿದ್ದರು.

ಒಂದು ಭಾನುವಾರ ಮೊದಲರ್ಧವೆಲ್ಲ ಹೀಗೇ ಬಿದ್ದು ಮೈಯೆಲ್ಲ ಕೆಸರು ಮಾಡಿಕೊಂಡ. ಎರಡನೇ ಅರ್ಧಕ್ಕೆ ಇಳಿದಾಗ ಬೇರೆಯೇ ಮನುಷ್ಯನಾಗಿದ್ದ. ಚೆಂಡು ಕೈಗೆ ಬಂದ ಕೂಡಲೇ ಎಸೆಯುತ್ತಿದ್ದ. ಕೊನೆಯ ಎಸೆತ, ಚೆಂಡು ಕೈಬಿಡುವುದಕ್ಕೇ ಹೆಸರಾದ ನನ್ನತ್ತ ಬಂತು. ಹೇಗೋ ಹಿಡಿದೆ, ಗೆದ್ದೆವು.

"ಇವತ್ತು ನೋಡೋಣ ತಡಿ ಅನ್ನಲೇ ಇಲ್ವಲ್ಲೋ?" ಎಂದೆ.

ಗಡ್ಡ ಕೆರೆದುಕೊಂಡ. "ಯಾರ ಸುತ್ತ ಎದುರಾಳಿಗಳಿಲ್ಲ ಅಂತ ಮಾತ್ರ ನೋಡ್ದೆ ಕಣೋ. ಅದು ನೀನು ಅಂತ ಗೊತ್ತಾಗಿದ್ರೆ ಎಸೀತಿದ್ನಾ?"